ಜೀವ ಬರಬೇಕಾದ ಚಿತ್ರ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಮನೆಯ ಜಗುಲಿಯ ಮೇಲೆ ಅರ್ಧ ತಾಸು ಕುಳಿತು ನೋಡಿದವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಒಣಗಿದ ಆಲೆಮರದ ತುಂಡು ಲೇತಿಗೆ ಸಿಕ್ಕಿ ಗಿರಗಿರನೆ ತಿರುಗುತ್ತ, ಉಳಿಯ ಅಲಗಿಗೆ ಮೈಯೊಡ್ಡಿ, ತಲೆ ಕೊರಳು ಹೊಟ್ಟೆಗಳನ್ನು ಪಡೆಯುವುದು. ಆಮೇಲೆ ತಿರುಗುವ ಮರಕ್ಕೆ ಒತ್ತಿ ಹಿಡಿದ ಅರಗಿನ ಕಡ್ಡಿ ಉಜ್ಜಾಟದ ಕಾವಿಗೆ ಕರಗಿ ಬಣ್ಣವಾಗಿ ಹರಿಯುವುದು. ತಾಳೆಗರಿಯ ತುಂಡಿನಿಂದ ತಿಕ್ಕಿದೊಡನೆ ಆ ಬಣ್ಣ ಕನ್ನಡಿಯ ಹಾಗೆ ಹೊಳೆಯುವುದು. ಇಷ್ಟೆಲ್ಲ ಆದ ಮೇಲೂ ಅದು ಬೊಂಬೆಯಲ್ಲ, ಬಣ್ಣ ಹಚ್ಚಿದ ಕೊರಡು. ಕಟ್ಟಕಡೆಯಲ್ಲಿ, ಬಹುಮಟ್ಟಿಗೆ ಮನೆಯ ಹೆಂಗಸೊಬ್ಬಳು, ಸಣ್ಣ ಕುಂಚದ ತುದಿಯನ್ನು ಕಪ್ಪಿನಲ್ಲಿ ಅದ್ದಿ ಎರಡು ಚುಕ್ಕೆ ಇಟ್ಟ ಕ್ಷಣದಲ್ಲಿ ಕೊರಡು ನಮ್ಮನ್ನು ನೋಡತೊಡಗುತ್ತದೆ. ಶಿಲ್ಪಿಗಳು ನೇತ್ರೋನ್ಮೀಲನವೆಂದು ಕರೆದು, ಮುಹೂರ್ತವಿಟ್ಟು, ಮಂತ್ರಪೂರ್ವಕವಾಗಿ ನೆರವೇರಿಸುವ ಕಾರ್ಯವನ್ನು ಇಲ್ಲಿ ಆಕೆ ಮಾತಿಲ್ಲದೆ, ದಿನಕ್ಕೆ ನೂರಾರು ಸಲ ಮಾಡಿ ಮುಗಿಸುತ್ತಾಳೆ. ನಮ್ಮ ಜನ ಇದಕ್ಕೆ ಹೇಳುವ ಮಾತು ಒಂದೇ: ಜೀವ ಬಂತು.

1788ರಲ್ಲಿ, ಈ ಸೀಮೆಯನ್ನೆಲ್ಲ ಆಳುತ್ತಿದ್ದ ಟಿಪ್ಪು ಸುಲ್ತಾನನ ರಾಯಭಾರಿಯೊಬ್ಬ ಪ್ಯಾರಿಸ್ ನಗರದಲ್ಲಿ ತನ್ನದೇ ಭಾವಚಿತ್ರವನ್ನು ಕುರಿತು ಹೆಚ್ಚುಕಡಮೆ ಇದೇ ಮಾತನ್ನಾಡಿದ, ಆದರೆ ನಿಷೇಧರೂಪದಲ್ಲಿ. ಚಿತ್ರಕ್ಕೆ ಇನ್ನೂ ಜೀವ ಬರಬೇಕಾಗಿದೆ, ಆದಕಾರಣ ಅದನ್ನು ಕೊಡಲಾರೆ ಎಂದು ಹೇಳಿ ಅದನ್ನು ತನ್ನ ಹಾಸಿಗೆಯ ಹಿಂದೆ ಬಚ್ಚಿಟ್ಟ. ಚಿತ್ರವನ್ನು ಬರೆದವಳು ಎಲಿಸಬೆತ್ ವಿಜೆ ಲೆಬ್ರನ್. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಕೀರ್ತಿಯನ್ನೂ ಕಷ್ಟವನ್ನೂ ಒಟ್ಟಿಗೆ ಕಂಡು, ಹತ್ತೊಂಬತ್ತನೆಯ ಶತಮಾನದ ನಾಲ್ಕು ದಶಕಗಳನ್ನು ಬಾಳಿ, ಎಂಬತ್ತರ ವಯಸ್ಸಿನಲ್ಲಿ ತನ್ನ ನೆನಪುಗಳನ್ನು ಗ್ರಂಥವಾಗಿ ಬಿಟ್ಟುಹೋದ ಈ ಚಿತ್ರಗಾರ್ತಿ ನಮ್ಮ ನಾಡನ್ನು ಕಂಡವಳಲ್ಲ. ಆದರೂ ಮೈಸೂರಿನಿಂದ ಹೋದ ಮುಖಗಳನ್ನು ಎದುರಿಗೆ ನಿಲ್ಲಿಸಿಕೊಂಡು ತೈಲವರ್ಣದಲ್ಲಿ ಬರೆದ ಕಾರಣ ಆಕೆಯ ಕಥೆಯ ಒಂದು ಎಳೆ ನಮ್ಮದು.

ಆ ಎಳೆಯನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಜನ ತಮ್ಮದೆಂದುಕೊಳ್ಳುವುದಕ್ಕೆ ಕಾರಣಗಳುಂಟು. ಆ ರಾಯಭಾರ ಫ್ರಾನ್ಸಿನ ದೊರೆಯಿಂದ ಸೈನ್ಯದ ನೆರವನ್ನು ಮಾತ್ರವೇ ಬೇಡಲಿಲ್ಲ. ಕುಶಲಕರ್ಮಿಗಳನ್ನೂ ಬೀಜಗಳನ್ನೂ ಕೇಳಿತು. ಹೊರನಾಡಿನ ಕಸುಬನ್ನು ತಂದು ತನ್ನ ನೆಲದಲ್ಲಿ ನಾಟಬೇಕೆಂಬ ಹಂಬಲ ಟಿಪ್ಪುವಿನ ಸ್ವಭಾವದಲ್ಲಿಯೇ ಇತ್ತು. ಬಂಗಾಳದಿಂದ ರೇಷ್ಮೆಹುಳುವನ್ನು ತರಿಸಿ ಅವನು ಹಾಕಿದ ತಳಹದಿಯ ಮೇಲೆ ಇಂದು ಕನಕಪುರದ ಹಿಪ್ಪುನೇರಳೆ ತೋಟಗಳೂ ರಾಮನಗರದ ಗೂಡಿನ ಮಾರುಕಟ್ಟೆಯೂ ಬೆಳೆದಿವೆ. ಪಾರಸೀಕ ಕುಶಲಿಗಳನ್ನು ಕರೆಸಿ ಚನ್ನಪಟ್ಟಣದವರಿಗೆ ಅರಗಿನ ಕೆಲಸವನ್ನು ಅವನೇ ಕಲಿಸಿದನೆಂಬುದು ಈ ಊರಿನಲ್ಲಿ ಬಾಯಿಂದ ಬಾಯಿಗೆ ಬಂದ ಪ್ರತೀತಿ. ರಾಯಭಾರಿಗಳನ್ನು ಕಳುಹಿಸಿದ ಆ ಹಂಬಲವೇ ನಮ್ಮ ಬೊಂಬೆಯ ಬಣ್ಣದ ಹಿಂದೆಯೂ ಇದೆ.

ಚಿತ್ರಗಾರ್ತಿಯ ಜೀವನವನ್ನು ಮೊದಲು ನೋಡೋಣ. 1755ರ ಏಪ್ರಿಲ್ 16ರಂದು ಪ್ಯಾರಿಸ್ಸಿನಲ್ಲಿ ಆಕೆ ಹುಟ್ಟಿದಳು. ತಂದೆ ಲೂಯಿ ವಿಜೆ ಪ್ಯಾಸ್ಟಲ್ ಬಣ್ಣದಲ್ಲಿ ಮುಖಗಳನ್ನು ಬರೆಯುತ್ತಿದ್ದವನು. ಮಗಳ ಕೈಯಲ್ಲಿ ಕಲೆ ಇದೆಯೆಂಬುದನ್ನು ಕಂಡುಕೊಂಡು, ಅದನ್ನು ಪೋಷಿಸುವಷ್ಟರಲ್ಲಿಯೇ, ಆಕೆಗೆ ಹನ್ನೆರಡು ವರ್ಷವಾಗಿದ್ದಾಗ ತೀರಿಕೊಂಡ. ಹದಿಹರೆಯ ಕಳೆಯುವ ಮೊದಲೇ ಮುಖ ಬರೆಯುವುದು ಆಕೆಗೆ ಅನ್ನದ ದಾರಿಯಾಯಿತು. ವೃತ್ತಿಸಂಘದ ಅನುಮತಿಯಿಲ್ಲದೆ ಹಣಕ್ಕೆ ಚಿತ್ರ ಬರೆದಳೆಂಬ ಆರೋಪದ ಮೇಲೆ 1774ರಲ್ಲಿ ಆಕೆಯ ಕೆಲಸದ ಕೊಠಡಿಯ ಸಾಮಾನುಗಳನ್ನು ಜಪ್ತಿ ಮಾಡಿದರು; ಆಗ ಸಂಘವೊಂದನ್ನು ಸೇರಿ ಅಧಿಕೃತಳಾದಳು. 1776ರಲ್ಲಿ ಚಿತ್ರಗಳ ವ್ಯಾಪಾರಿಯಾದ ಲೆಬ್ರನ್ನನ ಕೈಹಿಡಿದಳು. ಹೆಂಡತಿಯ ಸಂಪಾದನೆ ಗಂಡನ ಸೊತ್ತೆಂದು ಕಾನೂನೇ ಹೇಳುತ್ತಿದ್ದ ಕಾಲವದು. ಆಕೆ ಬರೆದುದರ ಫಲವೆಲ್ಲ ಅವನ ಕೈಸೇರಿತು.

ಹೆಂಗಸರು ಆ ಕಾಲದಲ್ಲಿ ಚಿತ್ರಕಲೆಗೆ ಬಂದರೆ ಭಾವಚಿತ್ರವನ್ನೇ ಏಕೆ ಹಿಡಿದರು ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಯೂರೋಪಿನ ವಿದ್ಯಾಪೀಠಗಳಲ್ಲಿ ಪುರಾಣ, ಇತಿಹಾಸ, ಯುದ್ಧಗಳ ದೊಡ್ಡ ಚಿತ್ರಗಳಿಗೆ ಅಗ್ರಸ್ಥಾನ. ಅವನ್ನು ಬರೆಯಬೇಕಾದರೆ ಬೆತ್ತಲೆ ಪುರುಷದೇಹವನ್ನು ಎದುರಿಗಿಟ್ಟುಕೊಂಡು ಅಭ್ಯಾಸ ಮಾಡಬೇಕು. ಆ ತರಗತಿಯ ಬಾಗಿಲು ಸ್ತ್ರೀಯರಿಗೆ ಮುಚ್ಚಿತ್ತು. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಹುಟ್ಟಿದಾಗ ಸ್ಥಾಪಕರ ಪೈಕಿ ಇಬ್ಬರು ಹೆಂಗಸರಿದ್ದರು, ಏಂಜಲಿಕಾ ಕೌಫ್‌ಮನ್ ಮತ್ತು ಮೇರಿ ಮೋಸರ್. ಕೆಲವು ವರ್ಷಗಳ ತರುವಾಯ ಜೊಫಾನಿ ಎಂಬ ಚಿತ್ರಗಾರ ಅಕಾಡೆಮಿಯ ಸದಸ್ಯರು ದೇಹಾಭ್ಯಾಸದ ಕೊಠಡಿಯಲ್ಲಿ ನೆರೆದಂತೆ ಒಂದು ಚಿತ್ರ ಬರೆದ. ಅದರಲ್ಲಿ ಗಂಡಸರೆಲ್ಲ ಸಶರೀರರಾಗಿ ನಿಂತಿದ್ದಾರೆ, ಈ ಇಬ್ಬರು ಮಾತ್ರ ಗೋಡೆಗೆ ತೂಗುಹಾಕಿದ ಪಟಗಳಾಗಿದ್ದಾರೆ. ಪಟವಾಗಿ ಒಳಗೆ ಬರಬಹುದು, ಮೈಯಾಗಿ ಬರಬಾರದು! ಉಟ್ಟು ತೊಟ್ಟು ಕುಳಿತ ಮನುಷ್ಯನ ಮುಖ ಮತ್ತು ಕೈಗಳಷ್ಟೇ ಅವರ ಪಾಲಿಗೆ ಉಳಿದುವು. ಉಳಿದುದನ್ನೇ ಅವರು ಸಾಮ್ರಾಜ್ಯವಾಗಿ ಮಾಡಿಕೊಂಡರು.

ಈ ಕೌಫ್‌ಮನ್ನಳಿಗೂ ನಮ್ಮ ಬೆಟ್ಟಗಳಿಗೂ ಒಂದು ಗುರುಪರಂಪರೆಯ ನಂಟಿದೆ. ಆಕೆಯ ಬಳಿ ಕಲಿತ ರಾಬರ್ಟ್ ಹೋಮ್ ಎಂಬಾತ 1791ರಲ್ಲಿ ಮದರಾಸಿಗೆ ಬಂದಿಳಿದು, ಟಿಪ್ಪುವಿನ ಮೇಲೆ ದಂಡೆತ್ತಿ ಹೊರಟಿದ್ದ ಕಾರ್ನ್‌ವಾಲಿಸನ ಸೇನೆಯ ಜೊತೆಗೂಡಿದ. ಆ ಯುದ್ಧ ನಮ್ಮ ಸೀಮೆಯನ್ನು ಜರ್ಜರಿತಗೊಳಿಸಿತು. ಶತ್ರುಸೈನ್ಯಕ್ಕೆ ಒಂದು ಹಿಡಿ ಧಾನ್ಯವೂ ಸಿಗಬಾರದೆಂದು ಟಿಪ್ಪುವೇ ಕಾನಕಾನಹಳ್ಳಿಯನ್ನು, ಎಂದರೆ ಇಂದಿನ ಕನಕಪುರವನ್ನು, ಎರಡು ಸಲ ಹಾಳುಗೆಡವಿದ. 1791ರ ಡಿಸೆಂಬರ್ 21ರಂದು, ಮಾಗಡಿಯ ಕೆಂಪೇಗೌಡರ ವಂಶಕ್ಕೆ ಒಂದು ಕಾಲದಲ್ಲಿ ಹೆಗ್ಗಾವಲಾಗಿದ್ದ ಸಾವನದುರ್ಗ ಬಿದ್ದಿತು. ಅದರ ಹಿಂದೆಯೇ ಹುತ್ರಿದುರ್ಗ, ರಾಮಗಿರಿ, ಶಿವನಗಿರಿಗಳೂ ಕೈಬಿಟ್ಟುವು. ಹೋಮ್ ಇವುಗಳನ್ನು ಬರೆದುಕೊಂಡು 1794ರಲ್ಲಿ ಲಂಡನ್ನಿನಲ್ಲಿ ಮೈಸೂರಿನ ದೃಶ್ಯಗಳ ಪುಸ್ತಕವನ್ನು ಅಚ್ಚು ಹಾಕಿಸಿದ. ರಾಮನಗರದ ಬಂಡೆಗಳು ಯೂರೋಪಿನ ಕಣ್ಣಿಗೆ ಬಿದ್ದುದು, ಬೆಂಕಿಯೂ ಹೊಗೆಯೂ ಆರುವ ಮೊದಲು, ಹೆಂಗಸೊಬ್ಬಳ ಶಿಷ್ಯನ ಕೈಯಿಂದ.

ಇತ್ತ ಪ್ಯಾರಿಸ್ಸಿನಲ್ಲಿ ಲೆಬ್ರನ್ನಳ ಭಾಗ್ಯ ಏರುತ್ತಿತ್ತು. 1778ರಿಂದ ಆಕೆ ರಾಣಿ ಮಾರಿ ಆಂತ್ವನೆತ್‌ಳ ಚಿತ್ರಗಾರ್ತಿ. 1783ರ ಮೇ 31ರಂದು, ಹೆಂಗಸರಿಗೆ ನಾಲ್ಕೇ ಸ್ಥಾನವೆಂದು ನಿಗದಿಯಾಗಿದ್ದ ರಾಜಾಶ್ರಯದ ಕಲಾಪೀಠಕ್ಕೆ, ಗಂಡ ಚಿತ್ರವ್ಯಾಪಾರಿಯೆಂಬ ಆಕ್ಷೇಪಣೆಯನ್ನು ರಾಜಾಜ್ಞೆಯಿಂದ ದಾಟಿ, ಸದಸ್ಯಳಾದಳು. ಅದೇ ವರ್ಷ ರಾಣಿಯನ್ನು ಬಿಳಿಯ ಮಸ್ಲಿನ್ನಿನ ಸರಳ ಉಡುಪಿನಲ್ಲಿ ಬರೆದು ಪ್ರದರ್ಶನದಲ್ಲಿಟ್ಟಾಗ ಊರೆಲ್ಲ ಕೋಲಾಹಲವಾಯಿತು: ರಾಣಿ ಒಳಉಡುಪಿನಲ್ಲಿ ಕಾಣಿಸಿಕೊಳ್ಳುವುದೆಂದರೇನು, ಫ್ರಾನ್ಸಿನ ರೇಷ್ಮೆಯನ್ನು ಬಿಟ್ಟು ಪರದೇಶದ ಹತ್ತಿಯನ್ನು ತೊಡುವುದೆಂದರೇನು! ಚಿತ್ರವನ್ನು ಇಳಿಸಿ ಒಯ್ಯಬೇಕಾಯಿತು. ಐದು ವರ್ಷಗಳ ಮೇಲೆ ಅಂಥದೇ ಬಿಳಿಯ ಮಸ್ಲಿನ್ನು, ಹೊನ್ನಿನ ಹೂಗಳನ್ನು ಹೊತ್ತು, ಮೂವರು ಪರದೇಶಿಯರ ಮೈಮೇಲೆ ಆಕೆಯ ಕಣ್ಣಿಗೆ ಬಿತ್ತು.

ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಈ ಮೂವರು 1787ರಲ್ಲಿ ಪುದುಚೇರಿಯಲ್ಲಿ ಹಡಗು ಹತ್ತಿ, ಸುಮಾರು ಒಂದು ವರ್ಷ ಪಯಣದಲ್ಲಿಯೇ ಕಳೆದು, 1788ರ ಜೂನ್ ತಿಂಗಳಲ್ಲಿ ತುಲೋನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರಿಗೆ ದರ್ಶನವಿತ್ತ. ಅವನ ಬೊಕ್ಕಸ ಆ ವೇಳೆಗೆ ಬರಿದಾಗಿತ್ತು. ಕೇಳಿದ ಸೈನ್ಯದ ಬದಲು ಸೇವ್ರ್ ಕಾರ್ಖಾನೆಯ ಪಿಂಗಾಣಿ ಮತ್ತು ಕೆಲವು ಮಂದಿ ಕಸಬುದಾರರು ಸಿಕ್ಕಿದರು. ಪ್ಯಾರಿಸ್ಸಿನ ಜನಕ್ಕಾದರೋ ರಾಜಕಾರಣ ಬೇಕಿರಲಿಲ್ಲ, ನೋಟ ಬೇಕಿತ್ತು. ರಾಯಭಾರಿಗಳು ಹೋದಲ್ಲಿ ಜನಜಾತ್ರೆ ಸೇರಿತು.

ಲೆಬ್ರನ್ ಅವರನ್ನು ಸಂಗೀತನಾಟಕಶಾಲೆಯಲ್ಲಿ ಕಂಡಳು, ಕಂಡೊಡನೆ ಬರೆಯಬೇಕೆನಿಸಿತು. ಹೇಳಿಕಳುಹಿಸಿದಾಗ, ದೊರೆಯೇ ಕೇಳಿದರೆ ಸರಿ, ಇಲ್ಲವಾದರೆ ಇಲ್ಲ ಎಂಬ ಉತ್ತರ ಬಂತು. ಆಕೆ ದೊರೆಯಿಂದಲೇ ಕೇಳಿಸಿದಳು. ತಮ್ಮ ಬಿಡಾರದಲ್ಲಿಯೇ ಬರೆಯಬೇಕೆಂಬುದು ಅವರ ಇನ್ನೊಂದು ನಿಬಂಧನೆ. ದೊಡ್ಡ ಕ್ಯಾನ್ವಾಸನ್ನೂ ಬಣ್ಣಗಳನ್ನೂ ಹೊರಿಸಿಕೊಂಡು ಆಕೆ ಅಲ್ಲಿಗೆ ಹೋದಳು. ಒಳಗೆ ಕಾಲಿಟ್ಟೊಡನೆ ಒಬ್ಬಾತ ಮುಂದೆ ಬಂದು ಆಕೆಯ ಕೈಗಳ ಮೇಲೆ ಪನ್ನೀರು ಎರಚಿದ. ಮದುವೆಮನೆಯ ಬಾಗಿಲಲ್ಲಿ ನಿಂತು ಪನ್ನೀರು ದಾನಿಯನ್ನು ಅಲ್ಲಾಡಿಸುವ ನಮ್ಮ ಕಡೆಯವರಿಗೆ ಇದರಲ್ಲಿ ಬೆರಗೇನಿದೆ? ಆದರೆ ಬಣ್ಣ ಹಿಡಿಯಹೋದ ಕೈಗೆ ಅತ್ತರು ನೀರು ಬಿದ್ದುದನ್ನು ಆಕೆ ಮುದಿವಯಸ್ಸಿನವರೆಗೂ ಮರೆಯಲಿಲ್ಲ.

ಎತ್ತರದ ಆಳಾದ ದರ್ವೇಶ್ ಖಾನ್ ಮೊದಲು ನಿಂತ. ಏಳು ಅಡಿಗೂ ಮಿಕ್ಕ ಎತ್ತರ, ನಾಲ್ಕೂವರೆ ಅಡಿಯಷ್ಟು ಅಗಲವಾದ ಆ ಪಟದಲ್ಲಿ ಅವನು ಮುಡಿಯಿಂದ ಅಡಿಯವರೆಗೆ ಇದ್ದಾನೆ. ಬಿಳಿಯ ನಿಲುವಂಗಿಯ ನೆರಿಗೆಗಳು ಕೆಳಗಿಳಿದಿವೆ. ಕೈ ಆಯುಧದ ಹಿಡಿಯ ಮೇಲಿದೆ. ದೃಷ್ಟಿ ನಮ್ಮ ಮೇಲಿಲ್ಲ, ಪಕ್ಕಕ್ಕೆ ಹೊರಳಿದೆ. ಆಸ್ಥಾನದ ಸ್ತ್ರೀಯರಿಗೆ ನಸುನಗೆಯನ್ನು ಧಾರಾಳವಾಗಿ ಹಂಚಿದ ಕುಂಚ ಇಲ್ಲಿ ನಗೆಯನ್ನು ಯಾಚಿಸಲಿಲ್ಲ. ಅವನು ಎಳ್ಳಷ್ಟೂ ಅಲುಗದೆ ನಿಂತನೆಂದೂ, ಆದುದರಿಂದ ಬಟ್ಟೆ ಕೈಗಳನ್ನೆಲ್ಲ ಅವನನ್ನೇ ನೋಡಿ ಬರೆದೆನೆಂದೂ ಆಕೆ ನೆನೆಯುತ್ತಾಳೆ. ಅನಂತರ ವೃದ್ಧನಾದ ಮತ್ತೊಬ್ಬ ರಾಯಭಾರಿಯನ್ನು ಮಗನೊಡನೆ ಕುಳ್ಳಿರಿಸಿ ಬರೆದಳು. ಗೆಳತಿಯೊಬ್ಬಳನ್ನು ಕರೆದುಕೊಂಡು ಅವರಲ್ಲಿ ಊಟಕ್ಕೂ ಹೋದಳು. ನೆಲದ ಮೇಲೆ ಊಟ; ಚಮಚವಿಲ್ಲ; ಮಸಾಲೆ ಹಾಕಿದ ಮಾಂಸವನ್ನು ಆತಿಥೇಯರು ಕೈಯಿಂದಲೇ ಎತ್ತಿ ಬಡಿಸಿದರು. ಅತಿಥಿಗೆ ಕೈಯಾರೆ ಬಡಿಸುವುದು ಉಪಚಾರದ ಪರಾಕಾಷ್ಠೆಯೆಂಬುದು ಆಕೆಗೆ ಹೊಳೆಯಲಿಲ್ಲ. ಬೇಸರದ ಊಟವೆಂದು ಬರೆದಿದ್ದಾಳೆ.

ಚಿತ್ರ ಒಣಗಲೆಂದು ಬಿಟ್ಟುಬಂದು, ಮರಳಿ ತರಿಸಿಕೊಳ್ಳಲು ಆಳನ್ನು ಕಳುಹಿಸಿದಾಗಲೇ ಮೊದಲು ಹೇಳಿದ ಪ್ರಸಂಗ ನಡೆದುದು. ಪಟ ಹಾಸಿಗೆಯ ಹಿಂದೆ. ಅದಕ್ಕಿನ್ನೂ ಜೀವ ಬರಬೇಕೆಂಬ ತಕರಾರು. ಆಕೆ ಉಪಾಯದಿಂದ ಚಿತ್ರವನ್ನು ಹೊರಸಾಗಿಸಿದಳು. ಪಟ ಕಾಣದೆ ಕೆರಳಿದ ರಾಯಭಾರಿ ತನ್ನ ಸೇವಕನನ್ನು ಕೊಲ್ಲುವುದಕ್ಕೇ ಎದ್ದ. ಪ್ಯಾರಿಸ್ಸಿನಲ್ಲಿ ಸೇವಕರನ್ನು ಕೊಲ್ಲುವ ವಾಡಿಕೆಯಿಲ್ಲವೆಂದು ದುಭಾಷಿ ಬಹಳ ಹೊತ್ತು ತಿಳಿಹೇಳಿ, ಕೊನೆಗೆ, ಚಿತ್ರವನ್ನು ದೊರೆಯೇ ತರಿಸಿಕೊಂಡನೆಂದು ಸುಳ್ಳಾಡಿ ಸಮಾಧಾನಪಡಿಸಬೇಕಾಯಿತು.

ಲೆಬ್ರನ್ ಇದನ್ನು ನಗೆಯ ಕಥೆಯಾಗಿ ಹೇಳಿದಳು, ಪ್ಯಾರಿಸ್ಸು ನಕ್ಕಿತು, ಪದ್ಯಗಳೂ ಹುಟ್ಟಿದುವು. ಆದರೆ ಆ ಮಾತನ್ನು ಕನ್ನಡದಲ್ಲಿ ಕೇಳುವವರಿಗೆ ನಗುವಷ್ಟೇ ಸಾಲದು. ಕಣ್ಣು ತೆರೆಸುವವರೆಗೆ ವಿಗ್ರಹವನ್ನು ಕಲ್ಲೆಂದೇ ಎಣಿಸುವ ನಾಡಿನಿಂದ ಹೋದವನಿಗೆ, ದರ್ವೇಶ್ ಖಾನ್ ವಿಗ್ರಹಾರಾಧಕನಲ್ಲದಿದ್ದರೂ, ತನ್ನ ರೂಪವನ್ನು ಹೊತ್ತ ವಸ್ತುವೊಂದು ಇನ್ನೂ ಅಪೂರ್ಣವಾಗಿರುವಾಗ ಪರರ ಪಾಲಾಗಬಾರದೆಂದು ತೋರಿದ್ದರೆ ಅದೇನೂ ಅವಿವೇಕವಲ್ಲ. ಅಥವಾ ಅದು ಚಿತ್ರವನ್ನು ಬಿಟ್ಟುಕೊಡಲು ಮನಸ್ಸಾಗದವನ ಜಾಣ್ಮೆಯ ನೆಪವೂ ಆಗಿರಬಹುದು, ರಾಯಭಾರಿಯಲ್ಲವೆ! ಹೇಗಿದ್ದರೂ, ಭಾವಚಿತ್ರವೆಂಬುದು ಬರೆದವಳೊಬ್ಬಳದೇ ಅಲ್ಲ, ಎದುರು ನಿಂತವನದೂ ಹೌದೆಂಬ ಹಕ್ಕನ್ನು ಅವನು ಮಂಡಿಸಿದ. ಇಬ್ಬರು ಮನುಷ್ಯರು ಮುಖಾಮುಖಿಯಾದ ಹೊತ್ತಿನಿಂದಲೇ ಚಿತ್ರಕ್ಕೆ ಉಸಿರು ಬರಬೇಕಷ್ಟೆ.

ಹಾಗೆ ಮುಖಾಮುಖಿಯಾಗುವ ಅವಕಾಶವೇ ಇಲ್ಲದೆ ಬರೆಯಬೇಕಾದ ಇನ್ನೊಬ್ಬ ಚಿತ್ರಗಾರ್ತಿ ಹತ್ತೊಂಬತ್ತನೆಯ ಶತಮಾನದ ಹೊಸ್ತಿಲಲ್ಲಿ ನಮ್ಮ ನಾಡಿಗೇ ಬಂದಳು. ಫ್ಲಾರೆನ್ಸಿನ ಅನ್ನಾ ಟೊನೆಲ್ಲಿ ಮದರಾಸಿನ ಗವರ್ನರನಾಗಿದ್ದ ಎಡ್ವರ್ಡ್ ಕ್ಲೈವನ ಹೆಣ್ಣುಮಕ್ಕಳಿಗೆ ಚಿತ್ರ ಕಲಿಸುತ್ತಿದ್ದವಳು. 1799ರ ಮೇ 4ರಂದು ಟಿಪ್ಪು ಮಡಿದು ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರನ ಪತ್ನಿ ಹೆನ್ರಿಯೆಟಾ ಎಳೆಯ ಹೆಣ್ಣುಮಕ್ಕಳಿಬ್ಬರನ್ನೂ ಈ ಶಿಕ್ಷಕಿಯನ್ನೂ ಕರೆದುಕೊಂಡು, ಆನೆ ಪಲ್ಲಕ್ಕಿ ಡೇರೆಗಳ ಪರಿವಾರದೊಡನೆ ಮದರಾಸಿನಿಂದ ಹೊರಟು, ಬೆಂಗಳೂರಿನಲ್ಲಿ ತಂಗಿ, ಶ್ರೀರಂಗಪಟ್ಟಣವನ್ನು ನೋಡಿದಳು. ಈ ಎರಡು ಊರುಗಳ ನಡುವಣ ಹೆದ್ದಾರಿ ಎಂದಿನಿಂದಲೂ ನಮ್ಮ ಸೀಮೆಯದೇ: ಬಿಡದಿ, ರಾಮಗಿರಿಯ ತಪ್ಪಲು, ಚನ್ನಪಟ್ಟಣ, ಮದ್ದೂರು. ಅದೇ 1800ರಲ್ಲಿ ದೇಶದ ಸ್ಥಿತಿಗತಿಗಳನ್ನು ಬರೆದುಕೊಳ್ಳುತ್ತ ಈ ಹಾದಿಯಲ್ಲಿ ನಡೆದ ಫ್ರಾನ್ಸಿಸ್ ಬುಕನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿ ದೂರದೂರಕ್ಕೆ ಹೋಗುತ್ತಿತ್ತೆಂದು ದಾಖಲಿಸಿದ್ದಾನೆ. ಅದೇ ವರ್ಷ ದಿವಾನ್ ಪೂರ್ಣಯ್ಯ ರಾಮಗಿರಿಯ ಬುಡದಲ್ಲಿ ಪೇಟೆಯೊಂದನ್ನು ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿಟ್ಟ; ಕ್ಲೋಸ್‌ಪೇಟೆಯೇ ಇಂದಿನ ರಾಮನಗರ.

ಟೊನೆಲ್ಲಿ ಆ ವರ್ಷವೇ ಜಲವರ್ಣದಲ್ಲಿ ಟಿಪ್ಪುವನ್ನು ಸಿಂಹಾಸನಾರೂಢನಾಗಿ ಚಿತ್ರಿಸಿದಳು. ಗಮನಿಸಿ: ರಾಜ ತೀರಿಕೊಂಡಿದ್ದ, ಸಿಂಹಾಸನವನ್ನು ಗೆದ್ದವರು ಹೊನ್ನಿನ ಆಸೆಗೆ ಒಡೆದು ಹಂಚಿಕೊಂಡಿದ್ದರು. ಅದರ ಒಂದು ಹುಲಿಮುಖ ಕ್ಲೈವ್ ಮನೆತನಕ್ಕೆ ದಕ್ಕಿ, ವೇಲ್ಸಿನ ಪೋವಿಸ್ ಕೋಟೆಯಲ್ಲಿ ಇಂದಿಗೂ ಇದೆ; ಟೊನೆಲ್ಲಿಯ ಚಿತ್ರವೂ ಅಲ್ಲಿಯೇ ಇದೆ. ಕಾಣದ ರಾಜನನ್ನು ಇಲ್ಲದ ಪೀಠದ ಮೇಲೆ ಕೂರಿಸಬೇಕಾದವಳ ಕಷ್ಟ ಲೆಬ್ರನ್ನಳಿಗೆ ಬರಲಿಲ್ಲ. ಅಲ್ಲಿ ಎದುರು ನಿಂತವನು ಪಟ ಕೊಡೆನೆಂದು ಜಗಳವಾಡಿದ. ಇಲ್ಲಿ ಜಗಳವಾಡುವುದಕ್ಕೂ ಯಾರಿರಲಿಲ್ಲ. ಗೆದ್ದವರ ಮನೆಯ ಗೋಡೆಗೆ ಸೋತವನ ಚಿತ್ರ ಮಾತಿಲ್ಲದೆ ಏರಿತು.

ಲೆಬ್ರನ್ನಳ ರಾಯಭಾರಿಚಿತ್ರಗಳು 1789ರ ಸಲೋನ್ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಕ್ರಾಂತಿ ಆಗಲೇ ಬೀದಿಗಿಳಿದಿತ್ತು. ಅಕ್ಟೋಬರ್ 6ರ ರಾತ್ರಿ, ರಾಜಕುಟುಂಬವನ್ನು ಜನ ವರ್ಸೇಲ್ಸಿನಿಂದ ಎಳೆತಂದ ದಿನ, ಆಕೆ ಎಳೆಯ ಮಗಳು ಜೂಲಿಯನ್ನು ಕರೆದುಕೊಂಡು ಸಾಮಾನ್ಯ ಗಾಡಿಯಲ್ಲಿ ದೇಶ ಬಿಟ್ಟಳು. ಮುಂದಿನ ಹನ್ನೆರಡು ವರ್ಷ ಇಟಲಿ, ವಿಯೆನ್ನಾ, ಸೇಂಟ್ ಪೀಟರ್ಸ್‌ಬರ್ಗ್. ಹೋದ ರಾಜಧಾನಿಯಲ್ಲೆಲ್ಲ ಕುಂಚವೇ ರಹದಾರಿ, ಕುಂಚವೇ ಅನ್ನ. ಈಗ ಗಳಿಸಿದ್ದು ಗಂಡನ ಕೈಗೆ ಹೋಗದೆ ತನ್ನ ಕೈಯಲ್ಲಿ ಉಳಿಯಿತೆಂಬುದು ದೇಶಭ್ರಷ್ಟತೆಯ ಒಂದು ವಿಚಿತ್ರ ಲಾಭ. ಆತನೋ 1794ರಲ್ಲಿ ವಿವಾಹವಿಚ್ಛೇದನ ಪಡೆದ. ಪಲಾಯಿತರ ಪಟ್ಟಿಯಿಂದ ಆಕೆಯ ಹೆಸರನ್ನು ತೆಗೆಯಬೇಕೆಂದು 255 ಮಂದಿ ಸಹಿ ಮಾಡಿ ಬೇಡಿಕೊಂಡ ಮೇಲೆ 1802ರಲ್ಲಿ ಪ್ಯಾರಿಸ್ಸಿಗೆ ಮರಳಿದಳು; ಬರೆದ ರಾಣಿಯೂ ಇಲ್ಲ, ಆ ರಾಜ್ಯವೂ ಇಲ್ಲ. ಇಂಗ್ಲೆಂಡಿಗೆ ಹೋದಳು, ಸ್ವಿಟ್ಜರ್ಲೆಂಡಿನ ಬೆಟ್ಟಗಳನ್ನು ಬರೆದಳು. 1819ರಲ್ಲಿ ಮಗಳನ್ನು ಕಳೆದುಕೊಂಡಳು. 1835ರಿಂದ 1837ರವರೆಗೆ ಮೂರು ಸಂಪುಟಗಳಲ್ಲಿ ನೆನಪುಗಳನ್ನು ಹೊರಡಿಸಿ, 600ಕ್ಕೂ ಮಿಕ್ಕ ಭಾವಚಿತ್ರಗಳ ಪಟ್ಟಿಯನ್ನು ಬಿಟ್ಟು, 1842ರ ಮಾರ್ಚ್ 30ರಂದು ತೀರಿಕೊಂಡಳು.

ಆ ನೆನಪುಗಳಲ್ಲಿ ರಾಯಭಾರಿಗಳ ಪ್ರಸಂಗ ಮುಗಿಯುವ ಕಡೆ ಒಂದು ಸಣ್ಣ ಮಾತಿದೆ. ತನ್ನ ಕೃತಿಗಳನ್ನೆಲ್ಲ ವಶಪಡಿಸಿಕೊಂಡಿದ್ದ ಗಂಡ ತೀರಿಕೊಂಡ ಮೇಲೆ ಆ ಎರಡು ಚಿತ್ರಗಳೂ ಮಾರಾಟವಾದುವು. ಈಗ ಯಾರಲ್ಲಿವೆಯೋ ಅರಿಯೆ ಎಂದು ಆಕೆ ಬರೆಯುತ್ತಾಳೆ. ದರ್ವೇಶ್ ಖಾನನ ಹಾಸಿಗೆಯ ಹಿಂದಿನಿಂದ ಕದ್ದು ತರಿಸಿದ ಪಟ ಕದ್ದವಳಿಗೂ ದಕ್ಕಲಿಲ್ಲ. ಕೈಯಿಂದ ಕೈಗೆ ಹೋಗುತ್ತ ಅದು 2019ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಹೋಯಿತು. ಬರೆದವಳಿಗೂ ನಿಂತವನಿಗೂ ಅದರಲ್ಲಿ ಕಾಸಿನ ಪಾಲಿಲ್ಲ. ಇಬ್ಬರ ಪಾಲಿಗೂ ಉಳಿದುದು ಆ ಒಂದು ಮಾತು. ನಗುವುದಕ್ಕೆಂದಾದರೂ ಆಕೆ ಅದನ್ನು ಎಂಬತ್ತರವರೆಗೆ ಕಾಪಾಡಿಕೊಂಡು ಬಂದು ಕಾಗದಕ್ಕೆ ಇಳಿಸಿರದಿದ್ದರೆ, ಅಷ್ಟು ದೊಡ್ಡ ಪಟದಲ್ಲಿ ಪಕ್ಕಕ್ಕೆ ನೋಡುತ್ತ ನಿಂತ ಆ ಮನುಷ್ಯನ ಧ್ವನಿ ಎಂಥದೆಂಬುದು ನಮಗೆ ಗೊತ್ತಾಗುತ್ತಿರಲಿಲ್ಲ. ಚಿತ್ರಕ್ಕೆ ಬರಬೇಕಾಗಿದ್ದ ಜೀವ ಬಂದುದು, ಸುಮಾರು ಅರ್ಧ ಶತಮಾನ ತಡವಾಗಿ, ಅದನ್ನು ಬರೆದವಳ ಲೇಖನಿಯಿಂದ.